ಒತ್ತೆಯಿಂದ ಒಳನುಡಿಗೆ: ಯೂರೋಪಿನ ಜೂಜಿನ ಪದಗಳು ಮತ್ತು ಪಣದ ರೂಢಿಗಳು

1

ಜೂಜಿನ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಕೈಗೆ ಸಿಗುವ ಆಕರಗಳೆಂದರೆ ನಿಷೇಧಾಜ್ಞೆಗಳು. ದೊರೆಗಳೂ ಧರ್ಮಪೀಠಗಳೂ ನಗರಸಭೆಗಳೂ ಯಾವುದನ್ನು ಆಡಕೂಡದೆಂದು ವಿಧಿಸಿದುವೋ ಅದನ್ನು ಜನ ಆಡುತ್ತಿದ್ದರೆಂದು ಅವುಗಳಿಂದ ತಿಳಿಯುತ್ತದೆ. ಆದರೆ ಹೇಗೆ ಆಡುತ್ತಿದ್ದರು, ಯಾರಿಂದ ಕಲಿತರು, ಸೋತ ಹಣವನ್ನು ಯಾವ ಧೈರ್ಯದ ಮೇಲೆ ನಂಬಿ ಕೊಟ್ಟರು ಎಂಬುದಕ್ಕೆ ಅಲ್ಲಿ ಉತ್ತರ ದೊರೆಯುವುದು ವಿರಳ. ಆ ಕೊರತೆಯನ್ನು ಒಂದು ಮಟ್ಟಿಗೆ ತುಂಬಬಲ್ಲುದು ಆಟಗಾರರ ಮಾತು. ಸಮಾಜದ ಕಣ್ಣಿಗೆ ಬೀಳದಂತೆ ಬೆಳೆದ ಈ ಒಳನುಡಿ ಕಾಲಕ್ರಮದಲ್ಲಿ ಸಭ್ಯ ಭಾಷೆಯ ನಡುಮನೆಯವರೆಗೂ ಬಂದು ಕುಳಿತಿದೆ. ಪ್ರಸ್ತುತ ಲೇಖನದಲ್ಲಿ ಯೂರೋಪಿನ ಇಂತಹ ಕೆಲವು ಪದಗಳನ್ನೂ ಅವುಗಳ ಹಿಂದಿರುವ ರೂಢಿಗಳನ್ನೂ ಪರಿಶೀಲಿಸಿ, ಅವು ಕಾನೂನಿನ ದಾಖಲೆಗಳು ಹೇಳದ ಚರಿತ್ರೆಯನ್ನು ಹೇಗೆ ಉಳಿಸಿಕೊಂಡಿವೆ ಎಂಬುದನ್ನು ತೋರಿಸುವ ಪ್ರಯತ್ನವಿದೆ.

2

ಜೂಜಿನ ಪದಗಳಲ್ಲಿ ಅತ್ಯಂತ ಹಳೆಯ ಪದರ ಆಟಕ್ಕೆ ಸಂಬಂಧಿಸಿದುದಲ್ಲ, ಮಾತಿಗೆ ಸಂಬಂಧಿಸಿದುದು. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರಲ್ಲಿ ಜರ್ಮನ್ ಬುಡಕಟ್ಟುಗಳನ್ನು ಕುರಿತು ಬರೆದ ಗ್ರಂಥದಲ್ಲಿ ಒಂದು ಸಂಗತಿಯನ್ನು ಅಚ್ಚರಿಯಿಂದ ದಾಖಲಿಸಿದ್ದಾನೆ. ಆ ಜನ ಮದ್ಯದ ಅಮಲಿಲ್ಲದೆಯೇ ದಾಳವಾಡುತ್ತಾರೆ. ಎಲ್ಲವನ್ನೂ ಸೋತ ಮೇಲೆ ಕಡೆಯ ಎಸೆತಕ್ಕೆ ತಮ್ಮ ಸ್ವಾತಂತ್ರ್ಯವನ್ನೇ ಒಡ್ಡುತ್ತಾರೆ. ಸೋತವನು ಗೆದ್ದವನಿಗಿಂತ ಬಲಿಷ್ಠನಾಗಿದ್ದರೂ ತಾನಾಗಿ ಕಟ್ಟಿಸಿಕೊಂಡು ದಾಸನಾಗುತ್ತಾನೆ. ಇದನ್ನು ಅವರು ವಚನಪಾಲನೆಯೆಂದು ಕರೆಯುತ್ತಾರೆ ಎಂಬುದು ಆತನ ವಿವರಣೆ. ಸಭಾಪರ್ವವನ್ನು ಬಲ್ಲ ಕನ್ನಡ ಓದುಗನಿಗೆ ಈ ಚಿತ್ರ ಅಪರಿಚಿತವೆನಿಸದು.

ಟ್ಯಾಸಿಟಸನ ಮಾತಿಗೆ ಭಾಷೆಯೇ ಸಾಕ್ಷಿ ನುಡಿಯುತ್ತದೆ. ಪ್ರಾಚೀನ ಜರ್ಮಾನಿಕ್ ಭಾಷೆಗಳಲ್ಲಿ ಒತ್ತೆ, ಅಡವು ಎಂಬ ಅರ್ಥದ ಒಂದು ಧಾತುವಿತ್ತು. ಇಂದಿನ ಜರ್ಮನ್ ಭಾಷೆಯಲ್ಲಿ ಪಂಥವೆಂಬ ಅರ್ಥದ ‘ವೆಟ್ಟೆ’ ಅದರಿಂದ ಬಂದುದು. ಅದೇ ಮೂಲ ಫ್ರೆಂಚಿನ ಮೂಲಕ ಸುತ್ತಿಬಂದು ಇಂಗ್ಲಿಷಿನಲ್ಲಿ ಪಂಥವೆಂಬ ಅರ್ಥದ ‘ವೇಜರ್’, ಕೂಲಿಯೆಂಬ ಅರ್ಥದ ‘ವೇಜ್’ ಎರಡೂ ಆಗಿದೆ. ವಿವಾಹವೆಂಬ ಅರ್ಥದ ‘ವೆಡಿಂಗ್’ ಕೂಡ ಇದೇ ಕುಟುಂಬಕ್ಕೆ ಸೇರಿದ ಮಾತು. ಜೂಜು, ದುಡಿಮೆ, ಮದುವೆ ಈ ಮೂರನ್ನೂ ಒಂದೇ ಧಾತು ಹೆತ್ತಿದೆ. ಏಕೆಂದರೆ ಮೂರರಲ್ಲಿಯೂ ಮುಖ್ಯವಾದುದು ಇನ್ನೂ ನಡೆಯದ ಒಂದಕ್ಕೆ ಇಂದೇ ಮಾತು ಕೊಡುವುದು. ನಮ್ಮಲ್ಲಿಯೂ ಇದಕ್ಕೆ ಸಮಾನವಾದ ಬೆಳವಣಿಗೆಯಿದೆ. ಸಂಸ್ಕೃತದ ‘ಪಣ’ ಶಬ್ದಕ್ಕೆ ಜೂಜಿನಲ್ಲಿ ಒಡ್ಡಿದ ವಸ್ತು ಎಂಬ ಅರ್ಥವೂ ನಾಣ್ಯವೆಂಬ ಅರ್ಥವೂ ಇದ್ದು, ಪಕಾರ ಹಕಾರವಾಗಿ ಅದೇ ಕನ್ನಡದ ‘ಹಣ’ವಾಗಿದೆ.

ಈ ವಚನದ ಕಲ್ಪನೆ ಆಧುನಿಕ ಕಾಲದವರೆಗೂ ಬಾಳಿತು. ಲಂಡನ್ನಿನ ವೈಟ್ಸ್ ಕ್ಲಬ್ಬಿನಲ್ಲಿ ಶ್ರೀಮಂತರು ಕಟ್ಟಿದ ಪಂಥಗಳ ದಾಖಲೆಪುಸ್ತಕ 1743ರಿಂದ ಉಳಿದುಬಂದಿದೆ. ಇಂಗ್ಲೆಂಡಿನಲ್ಲಿ ಆ ಶತಮಾನದಲ್ಲಿ ಪರರ ಆಯುಸ್ಸಿನ ಮೇಲೆಯೂ ಜೀವವಿಮೆಯ ಹೆಸರಿನಲ್ಲಿ ಪಂಥ ಕಟ್ಟುವ ರೂಢಿ ಹಬ್ಬಿತ್ತು; ವಿಮೆ ಮಾಡಿಸುವವನಿಗೆ ಆ ಜೀವದಲ್ಲಿ ನಿಜವಾದ ಹಿತಾಸಕ್ತಿ ಇರಬೇಕೆಂದು ವಿಧಿಸಿ 1774ರ ಶಾಸನ ಅದನ್ನು ತಡೆಯಿತು. ಪಂಥದ ಹಣವನ್ನು ನ್ಯಾಯಾಲಯದ ಮೂಲಕ ವಸೂಲು ಮಾಡುವಂತಿಲ್ಲವೆಂದು 1845ರ ಶಾಸನ ಸಾರಿತು. ಇದರಿಂದ ಜೂಜು ನಿಲ್ಲಲಿಲ್ಲ. ಕಾನೂನಿನ ಆಸರೆಯಿಲ್ಲದ ಬಾಕಿಯನ್ನು ‘ಮಾನದ ಸಾಲ’ವೆಂದು ಕರೆದು ದರ್ಜಿಯ ಬಾಕಿಗಿಂತಲೂ ಮೊದಲು ತೀರಿಸುವುದು ಕುಲೀನರ ಮರ್ಯಾದೆಯಾಗಿ ಮುಂದುವರಿಯಿತು. ದುಡಿದವನ ಕೂಲಿ ಕಾಯಬಹುದು, ಗೆದ್ದವನ ಹಣ ಕಾಯಲಾಗದು ಎಂಬ ಈ ವಿಪರೀತ ನೀತಿಯ ಬೇರು ಟ್ಯಾಸಿಟಸ್ ಕಂಡ ದಾಳದ ಹಾಸಿನಲ್ಲಿದೆ. 1845ರ ಆ ನಿಯಮವನ್ನು ಬ್ರಿಟನ್ನಿನಲ್ಲಿ ಕೈಬಿಟ್ಟುದು 2005ರ ಶಾಸನ 2007ರಲ್ಲಿ ಜಾರಿಗೆ ಬಂದಾಗ.

3

ಎರಡನೆಯ ಪದರ ದಾಳ ಮತ್ತು ಎಲೆಗಳದು. ಒತ್ತೆಯ ಪದಗಳು ನೀತಿಯನ್ನು ಹೇಳಿದರೆ ಇವು ದಾರಿಯನ್ನು ಹೇಳುತ್ತವೆ. ಅವಕಾಶ, ಆಕಸ್ಮಿಕ ಎಂಬ ಅರ್ಥದ ‘ಚಾನ್ಸ್’ ಬೀಳು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದೆ. ದಾಳ ಬಿದ್ದ ರೀತಿಯೇ ಚಾನ್ಸ್. ‘ಏಸ್’ ರೋಮಿನ ತಾಮ್ರದ ನಾಣ್ಯವಾದ ‘ಆಸ್’ನ ನೆನಪು. ರೋಮನ್ನರು ಕೀಲುಮೂಳೆಯ ದಾಳಗಳಲ್ಲಿ ಅತ್ಯುತ್ತಮ ಎಸೆತಕ್ಕೆ ವೀನಸ್ ದೇವಿಯ ಹೆಸರನ್ನೂ ಕನಿಷ್ಠ ಎಸೆತಕ್ಕೆ ನಾಯಿಯ ಹೆಸರನ್ನೂ ಇಟ್ಟಿದ್ದರು. ಎಸೆತಗಳಿಗೆ ಕೃತ, ತ್ರೇತಾ, ದ್ವಾಪರ, ಕಲಿ ಎಂದು ಹೆಸರಿಟ್ಟು, ಅವುಗಳಿಂದಲೇ ಯುಗಗಳನ್ನು ಕರೆದ ನಮ್ಮ ಪರಂಪರೆಯನ್ನು ಇದರೊಡನೆ ಹೋಲಿಸಬಹುದು.

ಇಂದು ಅಪಾಯವೆಂಬ ಅರ್ಥದಲ್ಲಿ ಬಳಕೆಯಾಗುವ ‘ಹ್ಯಾಝರ್ಡ್’ ಮಧ್ಯಯುಗದ ಒಂದು ದಾಳದಾಟದ ಹೆಸರು. ಅದರ ಮೂಲ ಅರಬ್ಬಿಯೆಂದು ಹಲವರ ಮತ. ಸಿರಿಯಾದ ಕೋಟೆಯೊಂದರ ಹೆಸರಿನಿಂದ ಬಂದುದೆಂಬ ಕಥೆ ಧರ್ಮಯುದ್ಧಗಳ ಕಾಲದ ಚರಿತ್ರೆಕಾರರಲ್ಲಿಯೇ ಇದೆ. ನಿಷ್ಪತ್ತಿ ವಿವಾದಾಸ್ಪದವಾದರೂ ಆ ಸೈನ್ಯಗಳಲ್ಲಿ ದಾಳದ ಹುಚ್ಚು ಎಷ್ಟಿತ್ತೆಂಬುದರಲ್ಲಿ ವಿವಾದವಿಲ್ಲ. 1190ರಲ್ಲಿ ಇಂಗ್ಲೆಂಡಿನ ರಿಚರ್ಡ್ ಮತ್ತು ಫ್ರಾನ್ಸಿನ ಫಿಲಿಪ್ ದೊರೆಗಳು ಹೊರಡಿಸಿದ ಆಜ್ಞೆಯ ಪ್ರಕಾರ ನೈಟ್ ಪದವಿಗಿಂತ ಕೆಳಗಿನವರು ಹಣಕ್ಕಾಗಿ ಆಡುವಂತಿರಲಿಲ್ಲ. ನೈಟರೂ ಪಾದ್ರಿಗಳೂ ದಿನವೊಂದಕ್ಕೆ 20 ಶಿಲ್ಲಿಂಗಿನವರೆಗೆ ಸೋಲಬಹುದಾಗಿತ್ತು. ದೊರೆಗಳಿಗೆ ಮಿತಿಯೇ ಇರಲಿಲ್ಲ.

ಇಸ್ಪೀಟಿನ ಎಲೆಗಳ ವಿಷಯದಲ್ಲಿ ದಾರಿ ಇನ್ನೂ ಸ್ಪಷ್ಟ. 1377ರಲ್ಲಿ ಫ್ಲಾರೆನ್ಸ್ ನಗರ ‘ನಾಯಿಬ್ಬೆ’ ಎಂಬ ಹೊಸ ಆಟವನ್ನು ನಿರ್ಬಂಧಿಸಿತು. ಸ್ಪ್ಯಾನಿಷಿನಲ್ಲಿ ಇಂದಿಗೂ ಎಲೆಗಳಿಗೆ ‘ನಾಯ್ಪೆಸ್’ ಎನ್ನುತ್ತಾರೆ. ಈಜಿಪ್ಟಿನ ಮಾಮ್ಲೂಕರ ಎಲೆಗಳಲ್ಲಿ ದೊರೆಯ ಕೆಳಗೆ ‘ನಾಯಿಬ್’, ಅಂದರೆ ಪ್ರತಿನಿಧಿ, ಎಂಬ ಅಧಿಕಾರಿಯಿದ್ದುದನ್ನು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ ಉಳಿದ ಎಲೆಗಳು ತೋರಿಸುತ್ತವೆ. ಆ ಎಲೆಗಳ ರಂಗುಗಳು ಬಟ್ಟಲು, ನಾಣ್ಯ, ಖಡ್ಗ ಮತ್ತು ಪೋಲೋ ಕೋಲು. ಪೋಲೋ ಆಟದ ಪರಿಚಯವಿಲ್ಲದ ಇಟಲಿ, ಸ್ಪೇನುಗಳಲ್ಲಿ ಕೋಲು ದೊಣ್ಣೆಯಾಯಿತು. ಇಂಗ್ಲಿಷರು ಮುಂದೆ ಫ್ರೆಂಚ್ ಚಿತ್ರಗಳ ಎಲೆಗಳನ್ನು ಬಳಸತೊಡಗಿದರೂ ಹಳೆಯ ಹೆಸರುಗಳನ್ನು ಬಿಡಲಿಲ್ಲ. ಹೀಗಾಗಿ ಮೂರೆಲೆಯ ಸೊಪ್ಪಿನ ಚಿತ್ರಕ್ಕೆ ದೊಣ್ಣೆಯೆಂಬ ಅರ್ಥದ ‘ಕ್ಲಬ್’ ಎಂಬ ಹೆಸರು ಉಳಿಯಿತು. ‘ಸ್ಪೇಡ್’ ಎಂಬುದೂ ಮಣ್ಣು ಅಗೆಯುವ ಸಲಿಕೆಯಲ್ಲ, ಇಟಲಿಯ ಖಡ್ಗ.

4

ಪಂಥದ ರೂಢಿಗೂ ಪೌರಜೀವನಕ್ಕೂ ಇದ್ದ ನಂಟಿಗೆ ಇಟಲಿಯೇ ಉತ್ತಮ ನಿದರ್ಶನ. ಜಿನೋವಾ ಗಣರಾಜ್ಯದಲ್ಲಿ 16ನೆಯ ಶತಮಾನದ ಉತ್ತರಾರ್ಧದಿಂದ ಆಡಳಿತ ಮಂಡಳಿಗೆ ಐವರು ಸದಸ್ಯರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಯಾರ ಹೆಸರು ಬರುವುದೆಂದು ಜನ ಪಂಥ ಕಟ್ಟಿದರು. ಕಾಲಾಂತರದಲ್ಲಿ ಹೆಸರುಗಳು ಹೋಗಿ 90 ಅಂಕಿಗಳು ಬಂದುವು, ಅದೇ ‘ಲೊಟ್ಟೊ’. ರೋಮಿನಲ್ಲಿ ಮುಂದಿನ ಪೋಪ್ ಯಾರೆಂಬುದರ ಮೇಲೂ ಹಣ ಕಟ್ಟುತ್ತಿದ್ದರು. 1591ರಲ್ಲಿ 14ನೆಯ ಗ್ರೆಗೊರಿ ಪೋಪರು ಬಹಿಷ್ಕಾರದ ಭಯವೊಡ್ಡಿ ಅದನ್ನು ನಿಷೇಧಿಸಿದರು. ವೆನಿಸ್ ಸರಕಾರ ಇನ್ನೊಂದು ಹಾದಿ ಹಿಡಿದು 1638ರಲ್ಲಿ ‘ರಿದೊತ್ತೊ’ ಎಂಬ ಜೂಜುಮನೆಯನ್ನು ತಾನೇ ತೆರೆಯಿತು, 1774ರಲ್ಲಿ ಮುಚ್ಚಿತು.

ನೇಪಲ್ಸಿನ ಬಡವರು ಲೊಟ್ಟೊವನ್ನು ತಮ್ಮ ಕನಸುಗಳೊಡನೆ ಬೆಸೆದರು. ‘ಸ್ಮೊರ್ಫಿಯಾ’ ಎಂಬ ಕನಸಿನ ಕೈಪಿಡಿಯಲ್ಲಿ ಪ್ರತಿಯೊಂದು ದೃಶ್ಯಕ್ಕೂ ಒಂದು ಅಂಕಿಯಿದೆ: ಹೆಣಕ್ಕೆ 47, ಮಾತನಾಡುವ ಹೆಣಕ್ಕೆ 48, ಭಯಕ್ಕೆ 90. ಸತ್ತ ಹಿರಿಯರು ಕನಸಿನಲ್ಲಿ ಬಂದು ನುಡಿದರೆ ಮನೆಯವರು ದುಃಖಿಸುವುದರೊಡನೆ 48ಕ್ಕೆ ದುಡ್ಡೂ ಕಟ್ಟುತ್ತಿದ್ದರು. 1884ರಲ್ಲಿ ಆ ನಗರದ ಬಡಕೇರಿಗಳನ್ನು ಕುರಿತು ಬರೆದ ಲೇಖಕಿ ಮಟಿಲ್ಡೆ ಸೆರಾವೊ ಈ ಲೊಟ್ಟೊ ವ್ಯಾಮೋಹಕ್ಕೂ ತಮ್ಮ ಕೃತಿಯಲ್ಲಿ ಎಡೆ ಕೊಟ್ಟರು.

5

ಮೂರನೆಯ ಪದರ ಮರೆಮಾಚುವ ಮಾತು. ಇಂಗ್ಲೆಂಡಿನಲ್ಲಿ 1906ರ ಶಾಸನ ಬೀದಿಯಲ್ಲಿ ಪಂಥ ಕಟ್ಟುವುದನ್ನು ಅಪರಾಧವೆಂದಿತು. ಸಾಲದ ಖಾತೆಯುಳ್ಳ ಶ್ರೀಮಂತ ತಂತಿಯ ಮೂಲಕ ಕುದುರೆಯ ಮೇಲೆ ಹಣ ಕಟ್ಟಬಹುದಾಗಿತ್ತು. ಕೈಯಲ್ಲಿ ಆರು ಪೆನ್ಸ್ ಹಿಡಿದು ಬೀದಿಯ ಮೂಲೆಗೆ ಬಂದ ಕಾರ್ಮಿಕ ಅಪರಾಧಿಯಾದ. ಪಂಥದ ಅಂಗಡಿಗಳು ಕಾನೂನುಬದ್ಧವಾದುದು 1961ರಲ್ಲಿ. ಇಂತಹ ವಾತಾವರಣದಲ್ಲಿ ಒಳನುಡಿ ವಿನೋದವಷ್ಟೇ ಅಲ್ಲ, ರಕ್ಷಣೆಯೂ ಹೌದು. ಲಂಡನ್ನಿನ ತಳ್ಳುಗಾಡಿ ವ್ಯಾಪಾರಿಗಳು ಪದಗಳನ್ನು ತಿರುಗುಮುರುಗು ಮಾಡಿ ಆಡುತ್ತಿದ್ದುದನ್ನು ಹೆನ್ರಿ ಮೇಹ್ಯೂ 1851ರಲ್ಲಿಯೇ ದಾಖಲಿಸಿದ್ದ. ಅದೇ ರೀತಿಯಲ್ಲಿ ಕುದುರೆಪಂದ್ಯದ ಬಯಲಿನಲ್ಲಿ ಹತ್ತು ಎಂಬ ‘ಟೆನ್’ ‘ನೆಟ್’ ಆಯಿತು, ‘ಸೆವೆನ್’ ‘ನೆವಿಸ್’ ಆಯಿತು. ಬಿಳಿಯ ಕೈಚೀಲ ತೊಟ್ಟು ದೂರದಿಂದ ಕೈಸನ್ನೆಯಲ್ಲಿ ದರ ತಿಳಿಸುವ ‘ಟಿಕ್‌ಟ್ಯಾಕ್’ ಪದ್ಧತಿಯೂ ಅಲ್ಲಿ ಬೆಳೆಯಿತು. ಮೊಬೈಲ್ ಫೋನು ಬಂದ ಮೇಲೆ ಅದು ಕ್ಷೀಣಿಸಿತು.

ಒಳನುಡಿಯ ಮೂಲ ಗುಟ್ಟಾಗಿರುವುದರಿಂದಲೇ ಅದರ ಸುತ್ತ ಕಟ್ಟುಕಥೆಗಳು ಬೆಳೆಯುತ್ತವೆ. 500 ಪೌಂಡಿಗೆ ‘ಮಂಕಿ’ ಎನ್ನುವ ರೂಢಿ, ಭಾರತದ 500 ರೂಪಾಯಿ ನೋಟಿನ ಮೇಲೆ ಕೋತಿಯ ಚಿತ್ರವಿದ್ದುದರಿಂದ ಬಂದಿತೆಂದು ಇಂದಿಗೂ ಹೇಳುವವರಿದ್ದಾರೆ. ಈ ಪ್ರಯೋಗ 1830ರ ದಶಕದಷ್ಟು ಹಿಂದೆಯೇ ದೊರೆಯುತ್ತದೆ. ಭಾರತ ಸರಕಾರದ ಕಾಗದದ ನಾಣ್ಯವಾದರೋ ಪ್ರಾರಂಭವಾದುದು 1861ರ ಶಾಸನದಿಂದ. ಕೋತಿಯ ಚಿತ್ರದ ಅಂತಹ ನೋಟು ಇರಲಿಲ್ಲ.

ಇನ್ನೊಂದು ಕಟ್ಟುಕಥೆ ಇಷ್ಟು ನಿರಪಾಯಕಾರಿಯಲ್ಲ. ‘ಹ್ಯಾಂಡಿಕ್ಯಾಪ್’ ಎಂಬ ಮಾತು ಟೊಪ್ಪಿಗೆ ಹಿಡಿದು ಭಿಕ್ಷೆ ಬೇಡುತ್ತಿದ್ದ ಅಂಗವಿಕಲರಿಂದ ಬಂದಿತೆಂಬ ನಂಬಿಕೆ ವ್ಯಾಪಕವಾಗಿದೆ. ದಾಖಲೆಗಳು ಬೇರೆಯೇ ಹೇಳುತ್ತವೆ. ಅದು ವಸ್ತು ವಿನಿಮಯದ ಒಂದು ಪಂಥ. ಸ್ಯಾಮ್ಯುಯೆಲ್ ಪೀಪ್ಸ್ 1660ರ ದಿನಚರಿಯಲ್ಲಿ ಅದನ್ನು ಹೆಸರಿಸಿದ್ದಾನೆ. ಇಬ್ಬರ ವಸ್ತುಗಳ ಬೆಲೆಯ ಅಂತರವನ್ನು ಮಧ್ಯಸ್ಥನೊಬ್ಬ ನಿರ್ಣಯಿಸುವನು. ಮೂವರೂ ಟೊಪ್ಪಿಗೆಯಲ್ಲಿ ಹಣವಿಡುವರು. ಇಬ್ಬರೂ ಅದರೊಳಗೆ ಕೈಯಿಟ್ಟು ಹೊರತೆಗೆದು ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಸೂಚಿಸುವರು. ಮುಂದೆ 18ನೆಯ ಶತಮಾನದಲ್ಲಿ ಮಧ್ಯಸ್ಥನ ನಿರ್ಣಯದಂತೆ ಬಲಿಷ್ಠ ಕುದುರೆಗೆ ಹೆಚ್ಚು ಭಾರ ಹೊರಿಸುವ ಪಂದ್ಯಕ್ಕೆ ಅದೇ ಹೆಸರಾಯಿತು. ಅಂದರೆ ಮಾತಿನ ಮೊದಲ ಆಶಯ ಕೊರತೆಯಲ್ಲ, ಸಮತೆ. ಭಾರ ಬಿದ್ದುದು ಬಲಿಷ್ಠನ ಮೇಲೆ. ಅದು ಮನುಷ್ಯರ ಅಂಗವೈಕಲ್ಯಕ್ಕೆ ಅನ್ವಯವಾದುದು 20ನೆಯ ಶತಮಾನದಲ್ಲಿ. ಸುಳ್ಳು ನಿಷ್ಪತ್ತಿಯೊಂದು ಒಂದು ಜನವರ್ಗದ ನೆತ್ತಿಗೆ ಭಿಕ್ಷೆಯ ಚರಿತ್ರೆಯನ್ನು ಕಟ್ಟಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಪದದ ಮೂಲವನ್ನು ಶೋಧಿಸುವುದು ಕೇವಲ ಕುತೂಹಲದ ಕೆಲಸವಲ್ಲ.

6

ಯೂರೋಪಿನ ಈ ಪದಪ್ರವಾಹದ ಒಂದು ಕವಲು ನಮ್ಮ ಮನೆಯ ಜಗುಲಿಗೂ ಹರಿದಿದೆ. ಕನ್ನಡದಲ್ಲಿ ರಂಗುಗಳನ್ನು ಇಸ್ಪೀಟು, ಆಟೀನು, ಡೈಮನ್ನು, ಕಳಾವರ ಎನ್ನುವರು. ತೆಲುಗು, ತಮಿಳುಗಳಲ್ಲಿಯೂ ಇವಕ್ಕೆ ಹತ್ತಿರದ ರೂಪಗಳಿವೆ; ಮರಾಠಿಯಲ್ಲಿ ‘ಕಿಲ್ವರ್’ ಇದೆ. ಇಂಗ್ಲಿಷಿನ ‘ಕ್ಲಬ್’ನಿಂದ ಕಳಾವರವನ್ನು ಸಾಧಿಸಲಾಗದು, ಡಚ್ ಭಾಷೆಯ ‘ಕ್ಲಾವರ್’ನಿಂದ ಅದು ಸರಾಗವಾಗಿ ಬರುತ್ತದೆ. ಆಟೀನಿನ ಕೊನೆಯ ನಕಾರಕ್ಕೂ ಡಚ್ಚಿನ ‘ಹಾರ್ಟನ್’ ಉತ್ತರ ಕೊಡುತ್ತದೆ. ರಾಜಕೀಯ ಸುದ್ದಿಗಳಲ್ಲಿ ನಾವು ದಿನವೂ ಓದುವ ‘ತುರುಪಿನ ಎಲೆ’ಯೂ ಇಂಗ್ಲಿಷಿನ ‘ಟ್ರಂಪ್’ಗಿಂತ ಮಕಾರವಿಲ್ಲದ ಡಚ್ಚಿನ ‘ಟ್ರೂಫ್’ಗೆ ಸಮೀಪ, ಎರಡರ ಮೂಲವೂ ವಿಜಯವೆಂಬ ಅರ್ಥದ ಇಟಲಿಯ ‘ತ್ರಿಯೊಂಫೊ’. ಮಚಲೀಪಟ್ಟಣ, ಪುಲಿಕಾಟ್, ನಾಗಪಟ್ಟಣ, ಕೊಚ್ಚಿಗಳಲ್ಲಿಯೂ ನಮ್ಮ ಬಸರೂರಿನಲ್ಲಿಯೂ 17ನೆಯ ಶತಮಾನದಲ್ಲಿ ಡಚ್ಚರ ವ್ಯಾಪಾರಕೇಂದ್ರಗಳಿದ್ದುದನ್ನು ಇಲ್ಲಿ ನೆನೆಯಬೇಕು. ಡಚ್ಚರ ಕೋಟೆಗಳು ಕೈಬದಲಾದುವು, ಕೆಲವು ಪಾಳುಬಿದ್ದುವು. ಅವರ ಎಲೆಗಳ ಹೆಸರು ಉಳಿದಿದೆ.

ಹೊರನಾಡಿನಲ್ಲಿರುವ ಸಂಶೋಧಕರಿಗೆ ಇಲ್ಲೊಂದು ಸಹಜ ಅನುಕೂಲವಿದೆ. ಚೆನ್ನೈ, ಹೈದರಾಬಾದು, ಪುಣೆ, ಮುಂಬಯಿಗಳ ಕನ್ನಡ ಮನೆಗಳಲ್ಲಿ ಹಿರಿಯರು ಎಲೆಯಾಡುವಾಗ ಬಳಸುವ ಮಾತುಗಳನ್ನು ನೆರೆಯ ಭಾಷೆಯ ರೂಪಗಳೊಡನೆ ಅಕ್ಕಪಕ್ಕದಲ್ಲಿಟ್ಟು ಅವರು ಕೇಳಬಲ್ಲರು. ಆಟ ಮೊಬೈಲ್ ಫೋನಿನ ಪರದೆಗೆ ಸರಿಯುತ್ತಿರುವ ಈ ಕಾಲದಲ್ಲಿ ಆಟೀನು, ಕಳಾವರಗಳು ಎಳೆಯರ ಬಾಯಿಂದ ಜಾರುತ್ತಿವೆ. ಅವನ್ನು ಊರು, ವಯಸ್ಸು, ಉಚ್ಚಾರಣೆಗಳ ವಿವರದೊಡನೆ ಬರೆದಿಟ್ಟುಕೊಳ್ಳುವ ಕೆಲಸ ತಡಮಾಡುವಂತಹುದಲ್ಲ.