ಎದುರಿನ ಸಾಲಿನ ಕೇಳುಗರು

ಮಳೆ ಹಿಡಿದರೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಆಮೇಲೆ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿ ಮುಗಿಸಿದ ಮೇಲೆ ಅರ್ಥಧಾರಿ ಕೂತಲ್ಲೇ ಅರ್ಥ ಹೇಳಬೇಕು. ಹಾಗಾಗಿ ಇದು ಬರೀ ಕಿವಿಯ ಕಲೆ ಅನ್ನುವವರಿದ್ದಾರೆ. ನಾನಂತೂ ಒಪ್ಪುವುದಿಲ್ಲ.

ನಮ್ಮಜ್ಜ ಎದುರಿನ ಸಾಲು ಬಿಟ್ಟು ಕೂತವರಲ್ಲ. ಆಷಾಢದ ಮಳೆ ತಗಡಿನ ಮಾಡಿಗೆ ಬಡಿಯತೊಡಗಿದರೆ ಪಕ್ಕದವರ ಮಾತೂ ಕೇಳದು. ಆಗ ಅವರದ್ದೊಂದೇ ಗಲಾಟೆ: "ಗ್ಯಾಸ್‌ಲೈಟು ಸ್ವಲ್ಪ ಈಚೆ ಹಿಡಿಯೋ ಮಾರಾಯ, ಕರ್ಣನ ಬಾಯೇ ಕಾಣ್ತಿಲ್ಲ!"

ಜನ ನಗುತ್ತಿದ್ದರು. ಆದರೆ ಅಜ್ಜನ ಲೆಕ್ಕ ಸರಿಯಾಗಿಯೇ ಇತ್ತು. ಗದ್ದಲ ಹೆಚ್ಚಿದಷ್ಟೂ ಮಾತನಾಡುವವರ ಮುಖ ಕಾಣುವುದರಿಂದ ಆಗುವ ಉಪಕಾರ ದೊಡ್ಡದು ಎಂದು ಅಮೆರಿಕದ ಸಂಶೋಧಕರಾದ ಸಂಬಿ ಮತ್ತು ಪೊಲ್ಲಾಕ್ 1954ರಲ್ಲೇ ತೋರಿಸಿದ್ದರು. 1976ರಲ್ಲಿ ಮೆಕ್‌ಗರ್ಕ್, ಮೆಕ್‌ಡೊನಾಲ್ಡ್ ಇನ್ನೂ ಸೋಜಿಗದ್ದನ್ನು ಪ್ರಕಟಿಸಿದರು: 'ಬ' ಎಂಬ ದನಿಗೆ 'ಗ' ಅನ್ನುವ ಬಾಯಿಯ ಚಿತ್ರ ಜೋಡಿಸಿದರೆ ಬಹಳ ಜನಕ್ಕೆ ಕೇಳಿಸುವುದು 'ದ'. ಕಣ್ಣು ಮುಚ್ಚಿದರೆ ಮತ್ತೆ 'ಬ'! ಕಣ್ಣು ಕಂಡದ್ದು, ಕಿವಿ ಕೇಳಿದ್ದು ಎರಡನ್ನೂ ಮಿದುಳು ಸೇರಿಸಿ, ಒಂದೇ ಮಾತಾಗಿಸಿ ನಮಗೆ ಕೊಡುತ್ತದೆ.

ನಮ್ಮ ವರ್ಣಮಾಲೆಯನ್ನೇ ನೋಡಿ. ಕವರ್ಗ ಗಂಟಲ ಹತ್ತಿರ ಹುಟ್ಟಿ, ಸಾಲು ಸಾಲಾಗಿ ಮುಂದೆ ಬಂದು, ಪವರ್ಗ ತುಟಿಗೆ ಮುಟ್ಟುತ್ತದೆ. ಕ-ಗ ಹೊರಗಿನವರಿಗೆ ಕಾಣುವುದೇ ಇಲ್ಲ. ತುಟಿ ಮುಚ್ಚದೆ ಪ-ಬ-ಮ ಆಗುವುದಿಲ್ಲ. ಸದ್ದಿನಲ್ಲಿ ಕಿವಿ ಮೊದಲು ಸೋಲುವುದು ಪ, ತ, ಕಗಳ ಭೇದದಲ್ಲಿ. ಅದನ್ನೇ ಕಣ್ಣು ಹಿಡಿದುಕೊಡುತ್ತದೆ. ಬ-ಮ ಕಣ್ಣಿಗೆ ಒಂದೇ ಥರ. ಅಲ್ಲಿ ಕಿವಿಯೇ ಗತಿ.

1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾಯಿತು, ಆಮೇಲೆ ಕ್ಯಾಸೆಟ್ಟೂ ಬಂತು. ಅವುಗಳಲ್ಲಿ ತಾಳಮದ್ದಳೆ ಕೇಳುವಾಗ ಮುಖ ಕಾಣದಿದ್ದರೂ ಅಡ್ಡಿಯಾಗಲಿಲ್ಲ, ರೆಕಾರ್ಡಿಂಗ್ ಕೋಣೆಯಲ್ಲಿ ಮಳೆ ಹೊಡೆಯುವುದಿಲ್ಲವಲ್ಲ. ಕೆಡಿಸಿದ್ದು ಸಭೆಯ ಮೈಕು. ದನಿ ದೂರಕ್ಕೆ ಮುಟ್ಟಿತು ಅಂತ ಕುರ್ಚಿಗಳು ಹಿಂದೆ ಸರಿದವು. ಅರ್ಥಧಾರಿಯ ತುಟಿ ಮೈಕಿನ ಮರೆಗೆ ಸೇರಿತು. ಕಿವಿ ಮಂದವಾದ ಹಳೇ ಕೇಳುಗರು ಈಗ ಸ್ಪೀಕರ್ ಪಕ್ಕ ಕೂತು, ಸದ್ದು ಜೋರಾಗಿದ್ದರೂ ಮಾತು ತಿಳಿಯುವುದಿಲ್ಲ ಎಂದು ಗೊಣಗುತ್ತಾರೆ.

ಈ ಮಳೆಗಾಲ ತಾಳಮದ್ದಳೆ ಇಡಿಸುವವರು ಮೈಕನ್ನು ಗದ್ದದಿಂದ ಕೆಳಗೆ ಇಳಿಸಲಿ, ಒಂದು ದೀಪ ಅರ್ಥಧಾರಿಯ ಮುಖಕ್ಕೆ ಬೀಳುವ ಹಾಗೆ ಕಟ್ಟಲಿ, ಎದುರಿನ ಸಾಲನ್ನು ಅತಿಥಿಗಳ ಬದಲು ವಯಸ್ಸಾದವರಿಗೆ ಬಿಡಲಿ.