ಉತ್ತರ ಬರುತ್ತದೆ ಎಂಬ ಲೆಕ್ಕ

ಹಳೆಯ ಪತ್ರಗಳಲ್ಲಿ ‘ಉಭಯ ಕುಶಲೋಪರಿ ಸಾಂಪ್ರತ’ ಎಂಬ ಸಾಲು ಇರುತ್ತಿತ್ತು. ಇಲ್ಲಿ ಬರೆಯುವವರು, ಅಲ್ಲಿ ಓದುವವರು, ಇಬ್ಬರೂ ಕ್ಷೇಮ ಎಂದುಕೊಂಡೇ ಮಾತು ಮುಂದಕ್ಕೆ ಹೋಗುತ್ತಿತ್ತು. ಅಂಚೆಚೀಟಿಯ ಚರಿತ್ರೆಯಲ್ಲೂ ಈ ‘ಉಭಯ’ಕ್ಕೆ ದೊಡ್ಡ ಪಾತ್ರವಿದೆ.

ಚೀಟಿ ಬರುವ ಮೊದಲು ಅಂಚೆಯ ದರ ದೂರವನ್ನು ನೋಡಿ ಏರುತ್ತಿತ್ತು. 1837ರ ಕಾನೂನಿನಂತೆ ಕಲ್ಕತ್ತೆಯಿಂದ ಆಗ್ರಾಕ್ಕೆ ತೊಲಕ್ಕೆ 12 ಆಣೆ, ಮುಂಬಯಿಗೆ 1 ರೂಪಾಯಿ. ಎಷ್ಟೋ ಸಲ ಈ ಹಣವನ್ನು ಪತ್ರ ಪಡೆದವರೇ ತೆರಬೇಕಿತ್ತು. 1852ರಲ್ಲಿ ಸಿಂಧ್ ಪ್ರಾಂತದಲ್ಲಿ ಬಾರ್ಟಲ್ ಫ್ರಿಯರ್ ಅರ್ಧ ಆಣೆಯ ಚೀಟಿ ಹೊರಡಿಸಿದ. 1854ರ ಅಕ್ಟೋಬರ್ 1ರಿಂದ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಒಂದೇ ದರ ಬಂತು: ಕಾಲು ತೊಲದೊಳಗಿನ ಪತ್ರಕ್ಕೆ ಅರ್ಧ ಆಣೆ, ಊರು ಎಷ್ಟೇ ದೂರವಿರಲಿ. ಚೀಟಿ ಹಚ್ಚದೆ ಹಾಕಿದರೆ ಪಡೆದವರು ಎರಡರಷ್ಟು ಕೊಟ್ಟು ಬಿಡಿಸಿಕೊಳ್ಳಬೇಕು. ನಮ್ಮ ಹಿರಿಯರು ಹೇಳುವ ‘ಬೇರಿಂಗ್’ ಪತ್ರ ಇದೇ. ಹೊಟ್ಟೆಪಾಡಿಗೆ ಊರು ಬಿಟ್ಟವರು ಮನೆಯವರ ಮೇಲೆ ಖರ್ಚು ಹೊರಿಸದೆ ಕಾಗದ ಬರೆಯುವುದು ಈಗ ಸಾಧ್ಯವಾಯಿತು.

ಪರದೇಶದ ಪತ್ರದ ಕಥೆ ಬೇರೆ. ಒಂದು ಸರ್ಕಾರದ ಚೀಟಿಗೆ ಇನ್ನೊಂದು ಸರ್ಕಾರದ ನೆಲದಲ್ಲಿ ಬೆಲೆಯಿಲ್ಲ. ಹಾಗಾಗಿ ದೇಶದೇಶಗಳ ನಡುವೆ ಬೇರೆಬೇರೆ ಒಪ್ಪಂದ. ಕಳಿಸಿದ ದೇಶ, ಹಡಗು, ತಲುಪಿಸುವ ದೇಶ, ಎಲ್ಲರಿಗೂ ಪಾಲು. ಈ ಗೋಜಲನ್ನು ಬಿಡಿಸಿದ್ದು 1874ರ ಅಕ್ಟೋಬರ್ 9ರಂದು ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಸಹಿ ಹಾಕಿದ ಒಪ್ಪಂದ. ಅದರಿಂದ ಹುಟ್ಟಿದ ಅಂಚೆ ಒಕ್ಕೂಟಕ್ಕೆ ಭಾರತ 1876ರಲ್ಲಿ ಸೇರಿತು.

ಒಕ್ಕೂಟದ ನಿಯಮ ಸರಳ. ಚೀಟಿ ಮಾರಿದ ಹಣ ಮಾರಿದ ದೇಶಕ್ಕೇ ಸೇರಬೇಕು. ನಡುವಿನ ದೇಶಗಳಿಗೆ ಸಾಗಣೆಯ ಹಣ ಮಾತ್ರ. ಹಾಗಾದರೆ ಆಚೆ ದಡದಲ್ಲಿ ಮನೆಬಾಗಿಲಿಗೆ ಪತ್ರ ಮುಟ್ಟಿಸುವವನ ಸಂಬಳ? ಅದನ್ನು ಅಲ್ಲಿನ ಅಂಚೆಯೇ ಹೊರಬೇಕು. ಏಕೆಂದರೆ ಪ್ರತಿ ಪತ್ರಕ್ಕೂ ಒಂದು ಉತ್ತರ ಬರುತ್ತದೆ, ಆ ಉತ್ತರದ ಚೀಟಿಯ ಹಣ ಅವರಿಗೇ ಉಳಿಯುತ್ತದೆ ಎಂಬುದು ಲೆಕ್ಕ.

ಉತ್ತರದ ಖರ್ಚನ್ನೂ ತಾವೇ ಕೊಡುವವರಿಗೆ 1907ರಲ್ಲಿ ಅಂತರರಾಷ್ಟ್ರೀಯ ಕೂಪನ್ ಬಂತು. ಪಡೆದವರು ಅದನ್ನು ತಮ್ಮ ಅಂಚೆಕಚೇರಿಯಲ್ಲಿ ಕೊಟ್ಟು ಅಲ್ಲಿನ ಚೀಟಿ ಪಡೆಯಬಹುದಿತ್ತು. ನಮ್ಮ ಪತ್ರಿಕೆಗಳಿಗೆ ಕಥೆಯ ಜೊತೆ ಕಳಿಸುತ್ತಿದ್ದ, ಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆಯಂತೆಯೇ ಇದು.

ಆದರೆ ಲೆಕ್ಕ ಸರಿಹೋಗಲಿಲ್ಲ. ಕೆಲವು ದೇಶಗಳು ಕಳಿಸುವುದು ಹೆಚ್ಚು, ಕೆಲವು ಪಡೆಯುವುದೇ ಹೆಚ್ಚು. ಪಡೆಯುವವರಿಗೆ ಹಂಚುವ ಹೊರೆ ಮಾತ್ರ ಉಳಿಯಿತು. ಕೊನೆಗೆ 1969ರ ಟೋಕಿಯೋ ಸಮ್ಮೇಳನದಲ್ಲಿ, ಹೆಚ್ಚು ಕಳಿಸಿದ ದೇಶ ಆ ಹೆಚ್ಚುವರಿಗೆ ಹಣ ಕಟ್ಟಬೇಕೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ, ಸುಮಾರು 95 ವರ್ಷ, ಜಗತ್ತಿನ ಅಂಚೆ ನಡೆದದ್ದು ಬರೆದವರಿಗೆ ಉತ್ತರ ಬಂದೇ ಬರುತ್ತದೆ ಎಂಬ ನಂಬಿಕೆಯ ಮೇಲೆ.