ಸುರುಳಿಯಾದ ಹಾಯಿ

ಕುಷಾಯಿಗೂಡದಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಕಡಲು ದೂರ. ಹಾಯಿ ಮಾತ್ರ ದೂರವಲ್ಲ. 16ನೆಯ ಶತಮಾನದಲ್ಲಿ ಕುತುಬ್ ಶಾಹಿಗಳು ಕಟ್ಟಿಸಿದ ಹುಸೇನ್ ಸಾಗರದಲ್ಲಿ ಇಂದಿಗೂ ಹಾಯಿದೋಣಿಗಳ ಪಂದ್ಯಗಳು ನಡೆಯುತ್ತವೆ. ಕೆರೆಯಲ್ಲಿ ಗಾಳಿ ಮಿತಿಮೀರಿದರೆ ದಡ ಸೇರಬಹುದು. ನಡುಗಡಲಿನಲ್ಲಿ ಹಾಯಿಯನ್ನೇ ಕಿರಿದುಗೊಳಿಸಬೇಕು. ಆ ಕೆಲಸವನ್ನು ಎಲ್ಲಿ ನಿಂತು ಮಾಡಬೇಕೆಂಬುದು ನಾವಿಕನಿಗೆ ಜೀವನ್ಮರಣದ ಪ್ರಶ್ನೆಯಾಗಿತ್ತು.

ಅರಬ್ಬೀ ಸಮುದ್ರದ ಸಾಂಪ್ರದಾಯಿಕ ಸರಕುನೌಕೆಗಳಲ್ಲಿ ಹಾಯಿಯ ಉದ್ದನೆಯ ಓರೆಮರವನ್ನು ಇಳಿಸಿ, ದೊಡ್ಡ ಹಾಯಿಯನ್ನು ಬಿಚ್ಚಿ, ಚಿಕ್ಕದನ್ನು ಕಟ್ಟುತ್ತಿದ್ದರು. ಅದಕ್ಕೆ ಹಲವು ಕೈಗಳು ಬೇಕಾಗುತ್ತಿದ್ದವು. ಯುರೋಪಿನ ಹಡಗುಗಳಲ್ಲಿ ನಾವಿಕರು ಓಲಾಡುವ ಕೂವೆಮರವನ್ನೇರಿ, ಹಗ್ಗದ ಮೇಲೆ ನಿಂತು ಹಾಯಿಯನ್ನು ಮಡಿಸುತ್ತಿದ್ದರು. ಜಾರಿ ಬಿದ್ದು ಸತ್ತವರು ಅನೇಕರು. 1850ರಲ್ಲಿ ಇಂಗ್ಲೆಂಡಿನ ಹೆನ್ರಿ ಕನಿಂಗ್‌ಹ್ಯಾಮ್ ಅಡ್ಡಮರವನ್ನೇ ತಿರುಗಿಸಿ ಹಾಯಿಯನ್ನು ಸುತ್ತುವ ಸಾಧನಕ್ಕೆ ಪೇಟೆಂಟ್ ಪಡೆದರು. ನಾವಿಕನು ಕೆಳಗೇ ನಿಂತು ಹಾಯಿಯನ್ನು ಕುಗ್ಗಿಸಬಹುದಾಯಿತು.

ಚಿಕ್ಕ ದೋಣಿಗಳಿಗೆ ಈ ಸೌಲಭ್ಯ ಬಂದದ್ದು 20ನೆಯ ಶತಮಾನದ ಆರಂಭದ ವೈಕಮ್-ಮಾರ್ಟಿನ್ ಸಾಧನದಿಂದ. ಕೆಳಗೊಂದು ಉರುಳೆ, ಮೇಲೊಂದು ತಿರುಗಣೆ. ನಡುವೆ ಮುಂಗಡೆಯ ಹಾಯಿ ಚಾಪೆಯಂತೆ ಸುತ್ತಿಕೊಳ್ಳುತ್ತಿತ್ತು. ಆದರೆ ಅದನ್ನು ಪೂರ್ತಿ ಬಿಚ್ಚಬೇಕು, ಇಲ್ಲವೇ ಪೂರ್ತಿ ಸುತ್ತಬೇಕು. ಮುಂಬದಿಯ ಉಕ್ಕಿನ ತಂತಿಗೆ ಅಲ್ಯೂಮಿನಿಯಂ ಕೊಳವೆಯನ್ನು ತೊಡಿಸುವ ಪದ್ಧತಿ ಬಂದ ಮೇಲೆ ಅರ್ಧ ಸುತ್ತಿದ ಹಾಯಿಯೂ ಗಾಳಿಗೆ ನಿಲ್ಲತೊಡಗಿತು.

ಮುಂಬಯಿಯಲ್ಲಿ ನಿರ್ಮಾಣಗೊಂಡ 32 ಅಡಿಯ ಸುಹೈಲಿಯಲ್ಲಿ ಈ ಸೌಲಭ್ಯವಿರಲಿಲ್ಲ. 1968-69ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅದರಲ್ಲಿ ಒಬ್ಬರೇ 312 ದಿನಗಳಲ್ಲಿ, ಎಲ್ಲಿಯೂ ತಂಗದೆ ಭೂಮಿಯನ್ನು ಸುತ್ತಿದರು. ಮುಂಗಡೆಯ ಹಾಯಿಯನ್ನು ಬದಲಿಸಲು ಪ್ರತಿ ಸಲವೂ ಅಲೆ ಬಡಿಯುವ ಮೂತಿಗೆ ಅವರೇ ಹೋಗಬೇಕಿತ್ತು.

ಇಂದು ಈ ಸಾಧನವನ್ನು ಅಳವಡಿಸುವವರು ಮೊದಲು ತಂತಿಯ ಉದ್ದವನ್ನು ಕರಾರುವಾಕ್ಕಾಗಿ ಅಳೆದು, ಅದಕ್ಕೆ ತಕ್ಕಂತೆ ಕೊಳವೆಯನ್ನು ಕತ್ತರಿಸುತ್ತಾರೆ. ಉರುಳೆಯ ಹಗ್ಗವನ್ನು ಚುಕ್ಕಾಣಿಯ ಬಳಿಗೆ ಎಳೆದು ತರುತ್ತಾರೆ. ತುದಿಯಲ್ಲಿ ಹಾಯಿಯನ್ನೇರಿಸುವ ಹಗ್ಗವು ತಂತಿಗೆ ಸಮಾನಾಂತರವಾಗಿರದೆ ತುಸು ಹಿಂದಕ್ಕೆ ಓರೆಯಾಗಿರಬೇಕು. ಇಲ್ಲವಾದರೆ ಅದೇ ತಂತಿಗೆ ಸುತ್ತಿಕೊಂಡು ಹಾಯಿ ಬಿಚ್ಚದೆ, ಮುಚ್ಚದೆ ಸಿಕ್ಕಿಬೀಳುತ್ತದೆ. ಬಿರುಗಾಳಿಯಲ್ಲಿ ಹಾಗಾದರೆ ನಾವಿಕನು ಮತ್ತೆ ಮೂತಿಗೇ ಹೋಗಬೇಕು. ಒಂದು ಶತಮಾನಕ್ಕೂ ಮಿಕ್ಕಿದ ಪರಿಶ್ರಮವು ಅವನನ್ನು ಬಿಡಿಸಿದ್ದು ಆ ಜಾಗದಿಂದಲೇ.